ಜಂಬಾಳ ಸೀಮೆಯ ಮೂರನೇ ಪ್ರಳಯ

ಆಗೆಲ್ಲ ನಮ್ಮ ಕಡೆ ಕ್ಯಾಲೆಂಡರು ಗೋಡೆಗೆ ನೇತಾಡುತ್ತಿತ್ತು ಅಷ್ಟೇ, ವರ್ಷ ನಡೆಯುತ್ತಿದ್ದದ್ದು ನಾಲೆಯಲ್ಲಿ. "ನೀರು ಬಿಟ್ಟ ಮಾರನೇ ದಿನ ಹುಟ್ಟಿದೋನು ಇವನು" ಎಂದೇ ಅವ್ವ ನನ್ನ ವಯಸ್ಸು ಹೇಳುತ್ತಿದ್ದಳು. ಬಸವಾಪಟ್ಟಣದಿಂದ ಮೂರು ಮೈಲಿ ದೂರ, ಭದ್ರಾ ನಾಲೆಯಿಂದ ಒಡೆದ ಒಂದು ಚಿಕ್ಕ ನಾಲೆಯ ಕಟ್ಟಕಡೆಗೆ ನಮ್ಮ ಊರು. ಕಡೆ ಎಂದರೆ ಗೊತ್ತಲ್ಲ, ಪಂಕ್ತಿಯ ಕೊನೆಗೆ ಕೂತವನ ಎಲೆಗೆ ಬೀಳುವ ಪಾಯಸದ ಹಾಗೆ. ಬಂದರೆ ಬಂತು, ಇಲ್ಲದಿದ್ದರೆ ಪಾತ್ರೆ ಕೆರೆಯುವ ಸದ್ದು.

ಕಡೇ ಭಾಗದ ರೈತರಿಗೆ ಅನುಮಾನ ಎನ್ನುವುದು ಹಾಲಿನ ಜೊತೆಗೇ ಬರುತ್ತದೆ. ನಮ್ಮ ಊರಿನಲ್ಲಿ ಯಾರಾದರೂ ಎದುರು ಬಂದರೆ ಮೊದಲು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಕಾಲಿಗೆ ಹಸಿ ಕೆಸರು ಹತ್ತಿದ್ದರೆ ಮುಗಿಯಿತು. "ಏನಪ, ನೀರು ನಿಂತು ನಾಕು ದಿನ ಆತು, ನಿನ್ನ ಕಾಲು ಇನ್ನೂ ಒಣಗಿಲ್ಲಲ್ಲ?" ಎಂದು ನಗುತ್ತಲೇ ಕೇಳುತ್ತಿದ್ದರು. ಆ ನಗು ನನಗೆ ಈಗಲೂ ಚೆನ್ನಾಗಿ ನೆನಪಿದೆ. ಹಲ್ಲು ಮಾತ್ರ ನಗುತ್ತಿದ್ದವು.

ನಾನು ಹೇಳಹೊರಟಿರುವುದು ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದ ಒಂದು ಬೇಸಿಗೆಯ ಮಾತು. ನಾನಾಗ ಏಳನೇ ಕ್ಲಾಸು. ಅದೇ ನನ್ನ ಕೊನೆಯ ಕ್ಲಾಸೂ ಹೌದು, ಯಾಕೆ ಎಂಬುದು ಮುಂದೆ ತಿಳಿಯುತ್ತದೆ. ಆ ವರ್ಷ ಅಣೆಕಟ್ಟೆಯಲ್ಲಿ ನೀರು ಕಮ್ಮಿ ಎಂದು ಬೇಸಿಗೆ ಭತ್ತಕ್ಕೆ ಸರದಿ ಹಾಕಿದ್ದರು. ಒಂದು ವಾರ ನೀರು, ಒಂದು ವಾರ ಬಂದ್. ತೂಬಿನ ಚಾವಿ ಇರುತ್ತಿದ್ದದ್ದು ಸೌಡಿಯ ಕೈಯಲ್ಲಿ. ಸೌಡಿ ಎಂದರೆ ನಾಲೆ ಕಾಯುವವ, ತೂಬು ಎತ್ತಿ ಇಳಿಸುವವ. ನಮ್ಮ ಸೌಡಿಯ ಹೆಸರು ಬಸಣ್ಣ. ಖಾಕಿ ಚಡ್ಡಿ, ಹೆಗಲ ಮೇಲೆ ಟವೆಲು, ಗ್ರೀಸು ಮೆತ್ತಿದ ಕೈ. ಅವನ ಸೈಕಲ್ಲಿನ ಬೆಲ್ಲು ಕೇಳಿದರೆ ಊರಿನ ಗಂಡಸರು ತಟ್ಟೆಯ ಮುಂದಿನಿಂದ ಎದ್ದು ಬರುತ್ತಿದ್ದರು.

ಬಂದ್ ವಾರ ನಮಗೆ ಹಬ್ಬ. ನೀರಿಳಿದ ಚಿಕ್ಕ ನಾಲೆಯ ತಳ ಎಂದರೆ ಅದೊಂದು ಬೇರೆಯೇ ಲೋಕ. ಮೇಲೆ ಬಿಸಿಲು ಸುಡುತ್ತಿದ್ದರೂ ಕೆಳಗೆ ಕಾಲಿಟ್ಟರೆ ತಣ್ಣಗಿನ ಎರೆಮಣ್ಣು. ಪಾಚಿ, ಸತ್ತ ಮೀನು, ಒದ್ದೆ ಕಲ್ಲುಗಳ ವಾಸನೆ ಸೇರಿ ಮೂಗಿಗೆ ಹತ್ತುತ್ತಿತ್ತು. ನೀರು ಧುಮುಕುವ ಮೆಟ್ಟಿಲಿನ ಕೆಳಗೆ ಒಂದು ಗುಂಡಿ ಇತ್ತು, ಅದರಲ್ಲಿ ಬೆರಳುದ್ದದ ಮೀನುಗಳು ಸಿಕ್ಕಿಹಾಕಿಕೊಂಡಿರುತ್ತಿದ್ದವು. ಆ ಗುಂಡಿಯ ಪಕ್ಕದಲ್ಲೇ ನಾವು ಮೂವರು ಪ್ರತಿ ಬಂದ್ ವಾರವೂ ಹೊಸದಾಗಿ ಊರು ಕಟ್ಟುತ್ತಿದ್ದೆವು. ನಾನು, ನನ್ನ ತಂಗಿ ಶಾಂತಿ, ಮತ್ತು ಸೌಡಿ ಬಸಣ್ಣನ ಮಗ ರುದ್ರೇಶ.

ಊರು ಕಟ್ಟುವ ಕೆಲಸ ನನ್ನದು. ಗೋಡೆ, ಬುರುಜು, ಅಡಿಕೆ ಹಾಳೆಯ ಚೂರು ಹೊದಿಸಿದ ಮನೆಗಳು, ಒಡೆದ ಬಳೆ ಚೂರು ಹಾಸಿದ ರಾಜಬೀದಿ. ಹೆಮ್ಮೆಯಿಂದ ಹೇಳುತ್ತೇನೆ, ನನ್ನ ಗೋಡೆ ಒಂದು ಬಂದ್ ವಾರ ಪೂರ್ತಿ ಬಿರುಕು ಬಿಡದೆ ನಿಂತಿತ್ತು. ಹುಣಸೆ ಬೀಜಗಳೇ ಪ್ರಜೆಗಳು. ಚೌಕಾಬಾರದ ಆಟಕ್ಕೆಂದು ಒಂದು ಕಡೆ ಉಜ್ಜಿ ಬೆಳ್ಳಗೆ ಮಾಡಿದ ಬೀಜಗಳು ಶತ್ರುಗಳು. ಅವಕ್ಕೆ ಮೂಗಿಲ್ಲ ಎಂದು ಶಾಂತಿ ಹೇಳಿದ್ದರಿಂದ ಅವರ ಹೆಸರು "ಮೂಗಿಲ್ಲದೋರು" ಎಂದೇ ಆಯಿತು.

ಆದರೆ ಆ ಊರಿಗೆ ಒಂದು ಹಿಂದಿನ ಕಾಲ ಕೊಟ್ಟವನು ರುದ್ರೇಶ. ಸಣಕಲು ಹುಡುಗ, ಮೂಗು ಯಾವಾಗಲೂ ಸೋರುತ್ತಿತ್ತು, ಕ್ಲಾಸಿನಲ್ಲಿ ಮೇಷ್ಟ್ರು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ನಾಲೆಯ ತಳಕ್ಕೆ ಇಳಿದನೆಂದರೆ ಬೇರೆಯೇ ಮನುಷ್ಯ. ಹುಣಸೆ ಚಿಗಳಿಯ ಕಡ್ಡಿಯನ್ನು ಚೀಪುತ್ತಾ, ಮಧ್ಯೆ ಮಧ್ಯೆ ಅದನ್ನೇ ಬೆತ್ತದ ಹಾಗೆ ಎತ್ತಿ ತೋರಿಸುತ್ತಾ ಹೇಳುತ್ತಿದ್ದ:

"ಇದು ಜಂಬಾಳ ಸೀಮೆ. ನೀವು ನೋಡ್ತಿರೋದು ನಾಕನೇ ಯುಗ. ಇದಕ್ಕೂ ಮುಂಚೆ ಮೂರು ಸಲ ಮುಳುಗೈತೆ ಈ ಸೀಮೆ."

ಮೊದಲನೇ ಯುಗದಲ್ಲಿ ಯಾರಿಗೂ ತೂಕ ಇರಲಿಲ್ಲವಂತೆ. ಹೊಟ್ಟೆಯೊಳಗೆ ಬರೀ ಗಾಳಿ. ಯಾರೂ ಯಾರಿಗೂ ಭಾರವಾಗದೆ ಸುಖವಾಗಿದ್ದರಂತೆ. ಒಂದು ದಿನ ಬಿರುಗಾಳಿ ಎದ್ದು ಅರಮನೆ, ಆನೆ, ರಾಣಿಯ ತೊಟ್ಟಿಲು ಎಲ್ಲ ಹಾರಿಹೋದವು. ಗರಿಕೆ ಹುಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡವರು ಮಾತ್ರ ಉಳಿದರು. ಅವರು ಹಿಡಿದ ಜಾಗದಲ್ಲೇ ಇವತ್ತಿಗೂ ಗರಿಕೆಗೆ ಗಿಣ್ಣು. ಎರಡನೇ ಪ್ರಳಯ ಇರುವೆಯದು. ಇರುವೆಗಳು ದೇಶವನ್ನು ಒಂದೊಂದೇ ಕಾಳು ಮಣ್ಣಾಗಿ ಹೊತ್ತುಕೊಂಡು ಹೋದವು. ನೂರು ವರ್ಷ ಹೊತ್ತವು. ಯಾರಿಗೂ ಗೊತ್ತೇ ಆಗಲಿಲ್ಲ. ಒಂದು ಬೆಳಗ್ಗೆ ರಾಜ ಹಾಸಿಗೆಯಿಂದ ಕಾಲು ಕೆಳಗಿಟ್ಟರೆ ಅಲ್ಲಿ ನೆಲವೇ ಇರಲಿಲ್ಲ.

"ಆಮೇಲೆ ರಾಜ ಎಲ್ಲಿ ಬಿದ್ದ?" ಎಂದು ಶಾಂತಿ ಕೇಳುವಳು.

"ಇನ್ನೂ ಬೀಳ್ತಾ ಅವನೆ."

ಶಾಂತಿಗೆ ಅವನ ಕತೆ ಎಂದರೆ ಪ್ರಾಣ. ಅವ್ವ ಕಟ್ಟಿಕೊಟ್ಟ ರೊಟ್ಟಿ, ಗುರೆಳ್ಳು ಚಟ್ನಿಯಲ್ಲಿ ದೊಡ್ಡ ಪಾಲು ಅವನಿಗೇ ಕೊಡುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಬೆವರು ಸುರಿಸಿ ಗೋಡೆ ಕಟ್ಟಿದವನು ನಾನು, ಬಾಯಲ್ಲಿ ಬೀಳಿಸುವವನಿಗೆ ರೊಟ್ಟಿ. ಹಾಗಾಗಿ ನಾನು ಅವನ ಕತೆಯಲ್ಲಿ ತಪ್ಪು ಹುಡುಕುತ್ತಾ ಕೂರುತ್ತಿದ್ದೆ. ಹುಡುಕಿದಷ್ಟೂ ಸಿಗುತ್ತಿತ್ತು. ನಿನ್ನೆ ಆನೆ ಏಳು, ಇವತ್ತು ಒಂಬತ್ತು. ನಿನ್ನೆ ರಾಣಿಗೆ ಮಗ, ಇವತ್ತು ಮಗಳು. "ನಿನ್ನೆ ಹಂಗೆ ಹೇಳಿದ್ದೆ, ಇವತ್ತು ಹಿಂಗೆ ಹೇಳ್ತೀಯ" ಎಂದು ನಾನು ಹಿಡಿದರೆ, "ಹಳೇ ಕಾಲದ್ದು ಮಾರಾಯ, ಯಾರು ಎಣಿಸಿದ್ರು?" ಎಂದು ಮೂಗು ಒರೆಸಿಕೊಳ್ಳುತ್ತಿದ್ದ.

ಹೀಗೆ ತಪ್ಪು ಹುಡುಕುವಾಗಲೇ ನನಗೆ ಒಂದು ವಿಷಯ ಹೊಳೆದದ್ದು. ಮೂರನೇ ಪ್ರಳಯದಲ್ಲಿ ಮಾತ್ರ ತಪ್ಪು ಸಿಗುತ್ತಿರಲಿಲ್ಲ.

ಮೂರನೆಯದು ನೀರಿನ ಪ್ರಳಯ. ಅದನ್ನು ಹೇಳುವಾಗ ಅವನ ದನಿ ಇಳಿಯುತ್ತಿತ್ತು, ಚಿಗಳಿ ಕಡ್ಡಿ ಕೆಳಗಿಡುತ್ತಿದ್ದ. "ಕರೆಯದೇ ಬಂತು ನೀರು. ಅದರ ದಿನ ಅಲ್ಲ, ಅದರ ವಾರ ಅಲ್ಲ. ಕಬ್ಬಿಣದ ಹಾವು ಎರಡು ಸುತ್ತು ಸುತ್ತಿ ಹೆಡೆ ಎತ್ತಿತು. ಮೂರು ಹಲ್ಲಿನ ಮುದುಕಿ ತಾವ ನೀರು ಎಡಕ್ಕೆ ತಿರುಗಿತು. ಒಂಟಿ ಕಾಲಿನ ದೈತ್ಯ ಅಲ್ಲಿ ನಿಂತಿದ್ದ. ಅವನ ತಲೆ ಮಡಕೆ. ಎದೆ ಮ್ಯಾಲೆ ಎರಡು ಕಣ್ಣು, ಒಂದು ಕರೇದು, ಒಂದು ಬಿಳೇದು. ನೀರು ಅವನ ಪಾದಕ್ಕೆ ಬಂದು ನಿಂತಿತು. ಅವನು ನೋಡಿದ, ಬಾಯಿ ಬಿಡಲಿಲ್ಲ. ಬೆಳಗಾಗೋದ್ರಾಗೆ ಬಿಳೀ ಸೈನ್ಯ ಬಂದು ಇಳೀತು." ಅಷ್ಟೇ. ಶಾಂತಿ ಎಷ್ಟು ಕಾಡಿದರೂ ಅದಕ್ಕೆ ಒಂದು ರಾಣಿ ಸೇರಿಸುತ್ತಿರಲಿಲ್ಲ, ಒಂದು ಆನೆ ಕಳೆಯುತ್ತಿರಲಿಲ್ಲ. ಎರಡು ಸುತ್ತು ಎಂದರೆ ಎರಡೇ ಸುತ್ತು. ಎಡಕ್ಕೆ ಎಂದರೆ ಎಡಕ್ಕೇ.

ಸುಳ್ಳು ದಿನಕ್ಕೊಂದು ಬಟ್ಟೆ ಹಾಕುತ್ತದೆ. ಹಾಗಿರುವಾಗ ಈ ಒಂದು ಕತೆ ಯಾಕೆ ದಿನವೂ ಅದೇ ಬಟ್ಟೆಯಲ್ಲಿ ಬರುತ್ತದೆ ಎಂದು ನನ್ನ ತಲೆಯಲ್ಲಿ ಹುಳ ಹೊಕ್ಕಿತು.

ಮುಂದಿನ ಬಂದ್ ವಾರದ ಮೂರನೇ ದಿನ ಬೆಳಗ್ಗೆ ನಾವು ಇಳಿದು ನೋಡಿದರೆ ಜಂಬಾಳ ಸೀಮೆ ಇರಲಿಲ್ಲ. ಬುರುಜಿದ್ದ ಕಡೆ ಒಂದು ಗುಪ್ಪೆ ಮಣ್ಣು. ಹಾಳೆ ಚೂರುಗಳು ಎಲ್ಲೋ ಕೆಳಗೆ ಗಿಡಕ್ಕೆ ಸಿಕ್ಕಿಕೊಂಡಿದ್ದವು. ಶಾಂತಿ ಅಳತೊಡಗಿದಳು. ರುದ್ರೇಶ ಮಾತ್ರ ಅಳಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಒಂದು ನಿಮಿಷ ನಿಂತು ನೋಡಿ, "ಮೂಗಿಲ್ಲದೋರ ಕೆಲಸ" ಅಂದ.

ನಾನು ಅವನ ಅಂಗಿ ಹಿಡಿದೆ. "ನಿಂದೇ ಕೆಲಸ ಲೇ! ಕತೆ ನಿಜ ಮಾಡಾಕೆ ನೀನೇ ಬಂದು ತುಳಿದೀಯ."

"ನಾ ತುಳಿದಿಲ್ಲ."

"ಮತ್ತೆ ಯಾರು?"

ಅವನ ಕಣ್ಣು ಒಂದು ಕ್ಷಣ ಮೆಟ್ಟಿಲಿನ ಕೆಳಗಿನ ಗುಂಡಿಯ ಕಡೆ ಹೋಗಿ ವಾಪಸು ಬಂತು. ನಾನೂ ಅತ್ತ ನೋಡಿದೆ. ಹಿಂದಿನ ಸಂಜೆ ಆ ಗುಂಡಿಯ ನೀರನ್ನೆಲ್ಲ ನಾವೇ ತಂಬಿಗೆಯಲ್ಲಿ ಗೋರಿ ಚೆಲ್ಲಿ, ಮೀನು ಹಿಡಿದು ಬಾವಿಗೆ ಬಿಟ್ಟಿದ್ದೆವು. ತಳದ ಕಲ್ಲು ಕಾಣುವಷ್ಟು ಬರಿದಾಗಿತ್ತು. ಈಗ ಗುಂಡಿ ತುಂಬಿತ್ತು. ಹೊಸ ಮೀನುಗಳು ಓಡಾಡುತ್ತಿದ್ದವು.

ನಾಲೆ ಬಂದ್. ಮಳೆ ಇಲ್ಲ. ಗುಂಡಿ ತುಂಬಿದೆ. ಏಳನೇ ಕ್ಲಾಸಿನ ತಲೆಗೆ ಇದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಯಾರೋ ಸರದಿ ತಪ್ಪಿಸಿ ನೀರು ಬಿಡಿಸಿಕೊಳ್ಳುತ್ತಿದ್ದಾರೆ, ಬಿಡುತ್ತಿರುವವನು ಬಸಣ್ಣ, ಅದು ಮಗನಿಗೆ ಗೊತ್ತಿದೆ. ಬಾಯಿ ಬಿಡುವ ಹಾಗಿಲ್ಲ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲೂ ಆಗುತ್ತಿಲ್ಲ. ಅದಕ್ಕೇ ಅದನ್ನು ಹಳೇ ಯುಗಕ್ಕೆ ಸೇರಿಸಿ ನಮಗೆ ಹೇಳುತ್ತಿದ್ದಾನೆ.

ನನಗೆ ಕೋಡು ಮೂಡಿದ ಹಾಗಾಯಿತು. ಆ ದಿನಗಳಲ್ಲಿ ಊರಲ್ಲಿ ಬೇರೆ ಮಾತೇ ಇರಲಿಲ್ಲ. ಭತ್ತ ಹಾಲುದುಂಬುವ ಹೊತ್ತು. ಹಾಲೇಶಪ್ಪ ಎಂಬುವವರ ಗದ್ದೆಯಂತೂ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಅವರು ದಿನಾ ನಮ್ಮ ಜಗಲಿಗೆ ಬಂದು ಕೂತು, "ಯಾವನೋ ಕದೀತಿದಾನೆ ನಿಂಗಪ್ಪಾ, ನಮ್ಮ ಹೊಟ್ಟೆ ಮ್ಯಾಲೆ ಹೊಡೀತಿದಾನೆ" ಅನ್ನುತ್ತಿದ್ದರು. ನಿಂಗಪ್ಪ ನಮ್ಮ ಅಪ್ಪ. ಅಪ್ಪ ಅವರಿಗಿಂತ ಜೋರಾಗಿ, "ಸಿಗಲಿ ಸೂಳೆಮಗ, ನಾಲೆಗೇ ಹೂಳ್ತೀನಿ" ಅನ್ನುತ್ತಿದ್ದ. ನಮ್ಮ ಗದ್ದೆ ಹಸಿರಾಗೇ ಇತ್ತು. ನಮ್ಮದು ತಗ್ಗು, ಬಸಿ ನೀರು ನಿಲ್ಲುತ್ತದೆ ಎಂದು ಅಪ್ಪ ಹೇಳುತ್ತಿದ್ದ, ಊರೂ ಹೌದು ಎನ್ನುತ್ತಿತ್ತು.

ಅಪ್ಪ ಹಿತ್ತಿಲಲ್ಲಿ ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದೆ. ಗುಂಡಿ, ಮೀನು, ಬಸಣ್ಣ. ಶಭಾಷ್ ಅನ್ನುತ್ತಾನೆ ಎಂದುಕೊಂಡಿದ್ದೆ.

ಹಗ್ಗ ಹೊಸೆಯುತ್ತಿದ್ದ ಕೈ ನಿಂತಿತು. "ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ."

"ಶಾಂತಿಗೆ?"

"ಅವಳಿಗೆ ಅರ್ಥ ಆಗಲ್ಲ."

ಅಪ್ಪ ಮತ್ತೆ ಹೊಸೆಯತೊಡಗಿದ. "ಹುಡುಗ್ರ ಆಟದಾಗೆ ದೊಡ್ಡೋರ ಮಾತು ತರಬ್ಯಾಡ. ಗುಂಡಿಗೆ ಊಟೆ ನೀರು ಬಂದಿರ್ತೈತೆ. ಹೋಗು, ಎತ್ತಿಗೆ ಹುಲ್ಲು ಹಾಕು."

ನನಗೆ ಅವಮಾನವಾಯಿತು. ತಳದಿಂದ ಒಸರುವ ಊಟೆಯ ನೀರಿನಲ್ಲಿ ಹೊಸ ಮೀನು ಎಲ್ಲಿಂದ ಬರಬೇಕು? ಅಪ್ಪ ಬಸಣ್ಣನಿಗೆ ಹೆದರುತ್ತಾನೆ ಎಂದುಕೊಂಡೆ. ಪಾಪದ ಮನುಷ್ಯ, ಜಗಳ ಬೇಡವಾಗಿದೆ ಎಂದುಕೊಂಡೆ. ಹಾಗಾದರೆ ಮಗನಾದ ನಾನೇ ನ್ಯಾಯ ದೊರಕಿಸಬೇಕು. ಅವತ್ತೇ ಸಂಜೆ ಹಾಲೇಶಪ್ಪನವರು ಎಮ್ಮೆ ಹೊಡೆದುಕೊಂಡು ಬರುವ ದಾರಿಯಲ್ಲಿ ನಿಂತು ಹೇಳಿಬಿಟ್ಟೆ. ಅವರು ನನ್ನ ತಲೆ ಸವರಿದರು. "ನಿಂಗಪ್ಪನ ಮಗ ಅಂದ್ರೆ ನಿಂಗಪ್ಪನ ಮಗ!" ಅಂದರು.

ಎರಡು ದಿನ ಬಿಟ್ಟು ನೀರಾವರಿಯ ಸಾಹೇಬರು ಜೀಪಿನಲ್ಲಿ ಬಂದರು. ಬೆಳಗ್ಗೆ ಒಂಬತ್ತರ ಬಿಸಿಲು, ತೂಬಿನ ಕಟ್ಟೆಯ ಮೇಲೆ ಊರಿನ ಗಂಡಸರೆಲ್ಲ. ಬಸಣ್ಣ ಟವೆಲು ಕೈಗೆ ಸುತ್ತಿಕೊಂಡು ನಿಂತಿದ್ದ. ಪಕ್ಕದಲ್ಲಿ ರುದ್ರೇಶ. ನಾನು ಶಾಂತಿಯ ಕೈ ಹಿಡಿದು ಮುಂದಿನ ಸಾಲಿನಲ್ಲೇ ನುಸುಳಿಕೊಂಡಿದ್ದೆ. ಅಪ್ಪ ಹಿಂದೆ, ಗುದ್ದಲಿ ಊರಿಕೊಂಡು.

"ಬಾಗಿಲು ಸೋರ್ತೈತೆ ಸಾಹೇಬ್ರೆ, ವಾಷರು ಹೋಗೈತೆ" ಎಂದ ಬಸಣ್ಣ.

"ಸೋರಿದ್ ನೀರಿಗೆ ಮೀನು ಬರ್ತಾವೇನ್ರಿ?" ಹಾಲೇಶಪ್ಪ ಕೂಗಿದರು. "ಯಾರ ಗದ್ದೆಗೆ ಹೋತು, ಅದನ್ನ ಹೇಳ್ಸಿ. ಅವನ ಗದ್ದೆಗೆ ನೀರು ಹಾಯೋ ಮಡೆಗೆ ಕಲ್ಲು ಹೊಡೀತೀವಿ. ಈ ಬೆಳೆಗೆ ಒಂದು ಹನಿ ಬಿಡಲ್ಲ."

"ಒಂದು ಹನಿ ಬಿಡಲ್ಲ!" ಎಂದರು ಎಲ್ಲರೂ. ಅಪ್ಪನ ದನಿಯೂ ಅದರಲ್ಲಿ ಕೇಳಿದ ನೆನಪು.

ಸಾಹೇಬರು ರುದ್ರೇಶನನ್ನು ಕರೆದರು. "ನೀನು ಹೇಳಪ್ಪ ಮರಿ. ನೀರು ಎಲ್ಲಿಗೆ ಹೋಯ್ತು?" ಅವನು ತನ್ನ ಅಪ್ಪನ ಚಡ್ಡಿಯ ಅಂಚು ಹಿಡಿದುಕೊಂಡು ನೆಲ ನೋಡಿದ. ಎರಡು ಸಲ, ಮೂರು ಸಲ ಕೇಳಿದರು. ಕ್ಲಾಸಿನಲ್ಲಿ ನಿಲ್ಲುವ ಹಾಗೇ ನಿಂತಿದ್ದ, ಮೂಗು ಸೋರುತ್ತಿತ್ತು.

ನನಗೆ ತಡೆಯಲಾಗಲಿಲ್ಲ. "ಅವನು ಹೇಳಲ್ಲ ಸಾ. ಅವನು ಕತ್ಯಾಗೆ ಎಲ್ಲ ಹೇಳಿದಾನೆ. ನಂಗೆ ಬಾಯಿಪಾಠ ಬರ್ತೈತೆ" ಅಂದೆ.

ನಗು ಎದ್ದಿತು. "ಹೇಳು ನೋಡಾಣ ಪುರಾಣಿಕ!" ಎಂದರು ಯಾರೋ. ನಾನು ಕೈಕಟ್ಟಿ, ಇನ್ಸ್‌ಪೆಕ್ಟರು ಶಾಲೆಗೆ ಬಂದಾಗ ಪದ್ಯ ಒಪ್ಪಿಸುವ ಹಾಗೆ ಶುರು ಮಾಡಿದೆ.

"ಮೂರನೇ ಪ್ರಳಯದಾಗೆ ಕರೆಯದೇ ಬಂತು ನೀರು. ಕಬ್ಬಿಣದ ಹಾವು ಎರಡು ಸುತ್ತು ಸುತ್ತಿ ಹೆಡೆ ಎತ್ತಿತು."

"ತೂಬಿನ ಸ್ಕ್ರೂ!" ಹಾಲೇಶಪ್ಪ ತೊಡೆ ತಟ್ಟಿದರು. "ಎರಡು ಸುತ್ತು ಎತ್ತಿದಾನೆ ಮಗ. ಮುಂದೆ?"

"ಮೂರು ಹಲ್ಲಿನ ಮುದುಕಿ ತಾವ ಎಡಕ್ಕೆ ತಿರುಗಿತು."

ಈಗ ಯಾರೂ ನಗಲಿಲ್ಲ. ನಾಲೆ ದಾಟಲು ಮೂರು ಕಲ್ಲು ಹಾಕಿದ ಜಾಗ ಊರಿಗೆಲ್ಲ ಗೊತ್ತು. ಅಲ್ಲಿಂದ ಎಡಕ್ಕೆ ನಾಲ್ಕೇ ಮನೆಯವರ ಗದ್ದೆ. ಆ ನಾಲ್ವರೂ ಒಬ್ಬರ ಕಾಲು ಒಬ್ಬರು ನೋಡಿಕೊಂಡರು. ನಮ್ಮದೂ ಅದೇ ಸಾಲು ಎಂಬುದು ನನಗೆ ತಿಳಿಯದ್ದಲ್ಲ. ಆದರೆ ಕಳ್ಳರು ಯಾವಾಗಲೂ ಪಕ್ಕದವರೇ ಆಗಿರುತ್ತಾರಲ್ಲ. ಪಕ್ಕದ ಮೂವರಲ್ಲಿ ಯಾರು ಎಂದು ನಾನೂ ಕುತೂಹಲದಲ್ಲೇ ಮುಂದುವರಿಸಿದೆ.

"ಒಂಟಿ ಕಾಲಿನ ದೈತ್ಯ ಅಲ್ಲಿ ನಿಂತಿದ್ದ. ಅವನ ತಲೆ ಮಡಕೆ."

"ಬೆರ್ಚಪ್ಪ ಕಣ್ರೋ, ಬೆರ್ಚಪ್ಪ! ಯಾರ ಗದ್ದೆ ಬೆರ್ಚಪ್ಪ? ಗುರುತು ಹೇಳು, ಗುರುತು ಹೇಳು" ಎಂದು ಹಾಲೇಶಪ್ಪ ನನ್ನ ಹತ್ತಿರಕ್ಕೆ ಬಗ್ಗಿದರು. ಅವರ ಬಾಯಿಂದ ಎಲೆಅಡಿಕೆಯ ವಾಸನೆ ಬಂತು.

"ಎದೆ ಮ್ಯಾಲೆ..." ಅಂದೆ.

ಎದೆಯ ಮೇಲೆ ಎರಡು ಕಣ್ಣು, ಒಂದು ಕರಿದು, ಒಂದು ಬಿಳಿದು. ಅಲ್ಲಿಯವರೆಗೆ ಹತ್ತಾರು ಸಲ ಕೇಳಿದ್ದೆ. ಕಿವಿಯಲ್ಲಿ ಅದು ದೈತ್ಯನ ಕಣ್ಣು. ನನ್ನ ಸ್ವಂತ ಬಾಯಿಗೆ ಬಂದ ಕೂಡಲೇ ಅದು ಗುಂಡಿಯಾಯಿತು. ನನ್ನ ಶಾಲೆಯ ಅಂಗಿಯ ಗುಂಡಿ. ಕರಿ ಗುಂಡಿ ಒಂದು ಉದುರಿ, ಅವ್ವ ಅದಕ್ಕೆ ಬಿಳಿ ಗುಂಡಿ ಹಚ್ಚಿ, ಹುಡುಗರು ನಕ್ಕು, ನಾನು ಅದನ್ನು ಹಾಕುವುದಿಲ್ಲ ಎಂದು ಅತ್ತು, ಕೊನೆಗೆ ಆ ಅಂಗಿ ನಮ್ಮ ಗದ್ದೆಯ ಬೆದರುಬೊಂಬೆಯ ಮೈಗೆ ಹೋಗಿತ್ತು.

ತಿರುಗಿ ನೋಡಿದೆ. ಗುದ್ದಲಿಯ ಕಾವಿನ ಮೇಲೆ ಅಪ್ಪನ ಎರಡೂ ಕೈ ಒಂದರ ಮೇಲೊಂದು ಇದ್ದವು. ನನ್ನನ್ನೇ ನೋಡುತ್ತಿದ್ದ. ಅಪ್ಪನಿಗೆ ಕತೆ ಗೊತ್ತಿರಲಿಲ್ಲ, ಆದರೆ ಮುಂದಿನ ಮಾತು ಏನೆಂದು ಗೊತ್ತಿತ್ತು. ಅಷ್ಟು ದೊಡ್ಡ ಮನುಷ್ಯ, ಒಂದು ಕೈಯಲ್ಲಿ ಹೋರಿ ತಡೆಯುವವನು, ಹನ್ನೆರಡು ವರ್ಷದ ನನ್ನ ಮುಖವನ್ನು ಹಾಗೆ ನೋಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಎದೆ ಮ್ಯಾಲೆ ಏನಲೇ?" ಹಾಲೇಶಪ್ಪ ಒತ್ತಾಯಿಸಿದರು.

"ಎದೆ ಮ್ಯಾಲೆ ಕೈ ಇಟ್ಕೊಂಡು ಅತ್ತ" ಅಂದೆ. "ನೀರು ಅಲ್ಲಿ ನಿಲ್ಲಲಿಲ್ಲ. ಗದ್ದೆ ಯಾವುಕ್ಕೂ ಹೋಗಲಿಲ್ಲ. ಹಂಗೇ ಹರಿದು ಹಳ್ಳಕ್ಕೆ ಬಿತ್ತು."

"ಅಲ್ಲ, ನೀರು..." ಎಂದು ಬಾಯಿ ತೆರೆದಳು ಶಾಂತಿ. ಅವಳ ಕೈಯನ್ನು ಮೂಳೆ ನೋಯುವ ಹಾಗೆ ಒತ್ತಿದೆ.

ಸಾಹೇಬರು ಬಸಣ್ಣನ ಕಡೆ ತಿರುಗಿದರು. "ಹಳ್ಳಕ್ಕೆ ಬಿಟ್ಟೆಯೇನಯ್ಯಾ? ಜನ ಇಲ್ಲಿ ಹನಿಗೆ ಸಾಯ್ತಿದಾರೆ, ನೀನು ಕುಡಿದು ಬಿದ್ದಿದ್ದೆಯಾ?"

ಬಸಣ್ಣ ಜೀವನದಲ್ಲಿ ಕುಡಿದವನಲ್ಲ, ಕೊರಳಲ್ಲಿ ಲಿಂಗ ಇತ್ತು. ಅವನು ಒಮ್ಮೆ ಜನರ ತಲೆಯ ಮೇಲಿಂದ ಅಪ್ಪನ ಕಡೆ ನೋಡಿದ. ಅಪ್ಪ ಗುದ್ದಲಿಯ ಬಾಯಿ ನೋಡುತ್ತಿದ್ದ. ಬಸಣ್ಣ ಕೈಗೆ ಸುತ್ತಿದ್ದ ಟವೆಲು ಬಿಚ್ಚಿದ. "ಮುಚ್ಚಾಕೆ ಮರೆತೆ ಸಾಹೇಬ್ರೆ" ಎಂದ.

ಅಲ್ಲೇ ಚಾವಿ ಇಸಿದುಕೊಂಡರು. ಮಾರನೇ ವಾರದಿಂದ ಬೇರೆ ಸೌಡಿ.

ಜನ ಚದುರುವಾಗ ರುದ್ರೇಶ ನನ್ನ ಪಕ್ಕದಲ್ಲೇ ಹಾದುಹೋದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ನಾನು ಮೈ ಬಿಗಿ ಹಿಡಿದಿದ್ದೆ. ಅವನು ನಿಂತು, "ಕತೆ ತಪ್ಪು ಹೇಳಿದೆ ನೀನು" ಎಂದ. ಸಿಟ್ಟೇ ಇರಲಿಲ್ಲ ಅದರಲ್ಲಿ. ಲೆಕ್ಕ ತಪ್ಪಿದವನಿಗೆ ಹೇಳುವ ಹಾಗೆ ಹೇಳಿದ.

ಆ ಸಂಸಾರ ಜಗಳೂರಿನ ಕಡೆ, ಅವನ ತಾಯಿಯ ತವರಿಗೆ ಹೋಯಿತು. ನಾಲೆ ಇಲ್ಲದ ಸೀಮೆ ಅದು. ನಾಲೆಯ ಕೆಲಸ ಬಿಟ್ಟರೆ ಬೇರೆ ಬಾರದ ಬಸಣ್ಣ ಅಲ್ಲಿ ಏನು ಮಾಡಿದನೋ ತಿಳಿಯದು. ಹೊರಡುವ ದಿನ ಶಾಂತಿ ಗಾಡಿಯ ಹತ್ತಿರ ಓಡಿ ಹೋಗಿ, "ನಾಕನೇ ಯುಗ ಹೆಂಗೆ ಮುಗೀತೈತೆ, ಅದನ್ನ ಹೇಳಿ ಹೋಗು" ಎಂದು ಕೇಳಿದಳಂತೆ. "ನಿಮ್ಮಣ್ಣನ್ನ ಕೇಳು. ಇನ್ನ ಮ್ಯಾಲೆ ಅವನೇ ಹೇಳೋದು" ಎಂದನಂತೆ. ಶಾಂತಿ ಅದನ್ನು ನಿಜವೆಂದೇ ನಂಬಿ ಮನೆಗೆ ಬಂದು, ನನ್ನ ಎದುರು ರೊಟ್ಟಿ ಇಟ್ಟುಕೊಂಡು ಕೂತಳು.

ಆಮೇಲೆ ನನಗೆ ಒಂದೊಂದೇ ಹೊಳೆಯತೊಡಗಿತು. ಬಿಳೀ ಸೈನ್ಯ ಎಂದರೆ ನೀರು ನಿಂತ ನಮ್ಮ ಗದ್ದೆಗೆ ಇಳಿಯುತ್ತಿದ್ದ ಬೆಳ್ಳಕ್ಕಿಗಳು. ಆ ತಿಂಗಳುಗಳಲ್ಲಿ ಅವ್ವ ಬಸಣ್ಣನ ಮನೆಗೆ ಅಂತ ಅವರೆಕಾಯಿ, ಮೊಸರಿನ ಗಡಿಗೆ, ಒಂದು ಸಲ ಇಡೀ ಕುಂಬಳಕಾಯಿ ಕೊಟ್ಟು ಕಳಿಸಿದ್ದು. ಹೊತ್ತುಕೊಂಡು ಹೋದವನು ನಾನೇ. ಅದು ಸ್ನೇಹವೋ, ನೀರಿನ ಬಾಬ್ತೋ? ಅವ್ವನಿಗೆ ಗೊತ್ತಿತ್ತೇ? ಗೊತ್ತಿದ್ದೇ ಆ ಅಂಗಿಯನ್ನು ಬಸಣ್ಣನಿಗೆ ಗುರುತಿಗೆಂದು ಅಲ್ಲಿ ನಿಲ್ಲಿಸಿದಳೇ? ಕೇಳಲಿಲ್ಲ. ಅಪ್ಪ, ಬಸಣ್ಣ ಒಟ್ಟಿಗೆ ಆಡಿ ಬೆಳೆದವರು ಎಂದು ಮಾತ್ರ ಆಮೇಲೆ ಯಾರೋ ಹೇಳಿದರು. ಅನುಮಾನ ಎಂಬುದು ರುದ್ರೇಶನ ಇರುವೆಯ ಹಾಗೆ. ಒಂದೊಂದೇ ಕಾಳು ಹೊತ್ತುಕೊಂಡು ಹೋಗುತ್ತದೆ.

ಭತ್ತ ಆ ಸಲ ನಮಗೆ ಚೆನ್ನಾಗಿಯೇ ಬಂತು. ಹೊಸ ಅಕ್ಕಿಯ ಅನ್ನ ನನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇಳಿಯಿತು, ಉಂಡೆ. ಹಾಲೇಶಪ್ಪನವರ ಮನೆಯಲ್ಲಿ ಮಾತ್ರ ಆ ವರ್ಷ ಗದ್ದೆಯನ್ನು ಕೊಯ್ಯದೆ ದನಕ್ಕೆ ಬಿಟ್ಟರು.

ನೀರಾವರಿಯವರು ಯಾರನ್ನೂ ಹಿಡಿಯಲಿಲ್ಲ, ಊರು ಮರೆಯಿತು. ಮರೆಯದವನು ಅಪ್ಪ. ಅದಕ್ಕೆ ಮುಂಚೆ ಅಪ್ಪ ಎಂದರೆ ನನಗೆ ಬಾರುಕೋಲು. ಎತ್ತಿಗೆ ನೀರು ಕುಡಿಸುವುದು ತಡವಾದರೆ ಬೆನ್ನಿಗೆ ಬೀಳುತ್ತಿತ್ತು, ಮಗ್ಗಿ ತಪ್ಪಿದರೆ ಕಿವಿ ಕೆಂಪಾಗುತ್ತಿತ್ತು. ಆ ಬೆಳಗ್ಗೆಯಿಂದ ಅಪ್ಪ ನನ್ನ ಮೇಲೆ ಕೈ ಎತ್ತಲಿಲ್ಲ. ಬೇಕೆಂದೇ ಬಿಂದಿಗೆ ಒಡೆದೆ. ಬೇಕೆಂದೇ ಎತ್ತನ್ನು ಪಕ್ಕದವರ ಹೊಲಕ್ಕೆ ಬಿಟ್ಟೆ. ಅಪ್ಪ ನೋಡಿ, ಆಚೆ ಹೋದ. ಊಟಕ್ಕೆ ಕೂತರೆ ನನ್ನ ತಟ್ಟೆಗೆ ಮೊದಲು ಬಡಿಸುವಂತೆ ಅವ್ವನಿಗೆ ಕಣ್ಣಲ್ಲೇ ಹೇಳುತ್ತಿದ್ದ.

ಜೂನಿನಲ್ಲಿ ಶಾಲೆ ತೆರೆಯುವ ಹಿಂದಿನ ದಿನ ನಾನು ಹಿತ್ತಿಲಿಗೆ ಹೋಗಿ, "ನಾನು ಇನ್ನು ಶಾಲಿಗೆ ಹೋಗಲ್ಲ. ನ್ಯಾಮತಿಯಾಗೆ ಮೋಟ್ರು ಸುತ್ತೋ ಕೆಲಸ ಕಲೀತೀನಿ" ಅಂದೆ. ಹೈಸ್ಕೂಲು ಓದಿಸಬೇ­ಕು, ಮಗ ಮೇಷ್ಟ್ರಾಗಬೇಕು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದವನು ಅಪ್ಪ. ಬಾರುಕೋಲು ಅಲ್ಲೇ ಗೋಡೆಗಿತ್ತು. ನಾನು ಬೆನ್ನು ಕೊಟ್ಟೇ ನಿಂತಿದ್ದೆ.

"ನಿನ್ನಿಷ್ಟ ಕಣಪ್ಪ" ಎಂದ ಅಪ್ಪ.

ನ್ಯಾಮತಿಯಲ್ಲಿ ಕಲಿತೆ, ಹೊನ್ನಾಳಿಯಲ್ಲಿ ದುಡಿದೆ, ಚನ್ನಗಿರಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ಸುಟ್ಟುಹೋದ ಮೋಟರು ತಂದುಕೊಟ್ಟವರಿಗೆ ಹೇಳಿದ ದಿನಕ್ಕೆ ತಿರುಗಿಸಿ ಕೊಟ್ಟಿದ್ದೇನೆ. ಯಾರ ಮನೆಯ ಬಾಗಿಲಿಗೂ ಕೈ ಚಾಚಿ ಹೋಗಿಲ್ಲ. ಒಂದು ಸಲ ಕೊಳವೆ ಬಾವಿಯ ಮೋಟರು ಇಳಿಸಲು ಜಗಳೂರಿಗೆ ಹೋಗಿದ್ದೆ. ಅಲ್ಲಿ ಸೌಡಿಯ ಮಗ ರುದ್ರೇಶಪ್ಪನ ಮನೆ ಮುಂದಿನ ಓಣಿಯಲ್ಲೇ ಎಂದು ತಿಳಿಯಿತು. ಚಾ ಅಂಗಡಿಯಲ್ಲಿ ಎರಡು ಲೋಟ ಚಾ ಕುಡಿದು ಬಸ್ಸು ಹತ್ತಿದೆ.

ಈಗ ನಮ್ಮೂರ ನಾಲೆಗೆ ಕಾಂಕ್ರೀಟು ಹಾಕಿದ್ದಾರೆ, ತಳದಲ್ಲಿ ಎರೆಮಣ್ಣಿಲ್ಲ. ಗದ್ದೆಗೊಂದು ಕೊಳವೆ ಬಾವಿ, ಯಾರ ಕಾಲನ್ನೂ ಯಾರೂ ನೋಡುವುದಿಲ್ಲ. ಶಾಂತಿಯ ಮೊಮ್ಮಕ್ಕಳು ಬಂದಾಗ ಜಂಬಾಳ ಸೀಮೆಯ ಕತೆ ಹೇಳು ಎಂದು ಕೂರುತ್ತಾರೆ. ಗಾಳಿಯದು ಹೇಳುತ್ತೇನೆ, ಇರುವೆಯದು ಹೇಳುತ್ತೇನೆ. ಮೂರನೆಯದಕ್ಕೆ ಬಂದರೆ ನನ್ನ ಬಾಯಲ್ಲಿ ನೀರು ಹಳ್ಳಕ್ಕೇ ಹೋಗುತ್ತದೆ.

ಆ ನಾಲೆ, ಆ ಕೆಸರು ಹೋದದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ, ಬೇಸರ ಬೇರೆಯದಕ್ಕೆ. ಅಪ್ಪ ತೀರಿಕೊಂಡಾಗ ಎಂಬತ್ತು ದಾಟಿತ್ತು. ಕೊನೆಯ ತನಕ ನನ್ನನ್ನು "ಏನಪ್ಪ", "ಹೌದಪ್ಪ" ಎಂದೇ ಮಾತಾಡಿಸಿದ. ಊರಿನವರು, ನೋಡಿರಿ ಮಗನಿಗೆ ಎಂಥ ಮರ್ಯಾದೆ ಕೊಡ್ತಾನೆ ನಿಂಗಪ್ಪ ಎನ್ನುತ್ತಿದ್ದರು. ಹನ್ನೆರಡನೇ ವಯಸ್ಸಿಗೇ ನಮ್ಮ ಮನೆಯಲ್ಲಿ ನನ್ನನ್ನು ಬೈಯುವವರು ಇಲ್ಲವಾದರು. ಆ ಜೂನಿನ ದಿನ ಒಂದೇ ಒಂದು ಏಟು ಬಿದ್ದಿದ್ದರೆ, ಅಳುತ್ತಾ ಶಾಲೆಗೆ ಹೋಗುತ್ತಿದ್ದೆ.